ಎಣ್ಣೆಕೈಯವಳ ಒಂದೇ ಬೆಲೆ

ನಮ್ಮ ಚಿಕ್ಕ ಸೊಸೆಯ ಉಗುರಿನ ಸಂದೀಲಿ ಯಾವಾಗಲೂ ಒಂದು ಕಪ್ಪು ಗೆರೆ. ಸೋಪು ಹಾಕಿ ಉಜ್ಜಿದ್ರೂ ಹೋಗಲ್ಲ, ನಿಂಬೆಹಣ್ಣು ತಿಕ್ಕಿದ್ರೂ ಹೋಗಲ್ಲ. ಹೊಲಿಗೆ ಮಿಷನ್ನಿನ ಎಣ್ಣೆ ಅದು. ಬೀದಿಯವರು ಅವಳಿಗೆ ಎಣ್ಣೆಕೈ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಮೊದಮೊದಲು ತಮಾಷೆಗೆ ಅಂತಿದ್ರು, ಆಮೇಲೆ ಅದೇ ಖಾಯಂ ಆಯ್ತು. ಈಗ ಕೊರಿಯರಿನವನೂ ಬಾಗಿಲಲ್ಲಿ ನಿಂತು "ಎಣ್ಣೆಕೈ ಅಕ್ಕ ಇದಾರಾ?" ಅಂತಾನೆ. ಅವಳೂ "ಬಂದೆ, ಬಂದೆ" ಅಂತಾಳೆ. ಒಂದು ಚೂರೂ ಬೇಜಾರಿಲ್ಲ.

ಅವಳ ಕೆಲಸ ಏನಪ್ಪಾ ಅಂದ್ರೆ, ಗುಜರಿಯವನ ಹತ್ರ ತುಕ್ಕು ಹಿಡಿದು ಬಿದ್ದಿರೋ ಹೊಲಿಗೆ ಮಿಷನ್ನು ತರೋದು, ಬಿಚ್ಚೋದು, ಸೀಮೆಎಣ್ಣೇಲಿ ನೆನೆಹಾಕೋದು, ಒಂದೊಂದೇ ತಿರುಪು ಉಜ್ಜೋದು, ಮತ್ತೆ ಜೋಡಿಸಿ ಫೋನಿನಲ್ಲಿ ಫೋಟೋ ಹಾಕಿ ಮಾರೋದು. ಯಾರು ಕಲಿಸಿದ್ರು ಅಂತ ಎಲ್ಲರೂ ಕೇಳ್ತಾರೆ. ಯಾರೂ ಕಲಿಸಲಿಲ್ಲ. ಮದುವೆಗೆ ಮುಂಚೆ ಬಟ್ಟೆ ಕಾರ್ಖಾನೇಲಿ ಕಾಲರ್ ಹೊಲೀತಿದ್ಲು. ಅವಳ ಮಿಷನ್ನು ಕೆಟ್ಟಾಗೆಲ್ಲ ಮೆಕ್ಯಾನಿಕ್ಕು ಬರ್ತಿದ್ದ, ದೊಡ್ಡ ಗಂಟುಮುಖದವನು. ಬೇರೆ ಹುಡುಗೀರು ಆ ಹೊತ್ತಲ್ಲಿ ನೀರು ಕುಡಿಯೋಕೆ ಹೋದ್ರೆ ಇವಳು ಅವನ ಭುಜದ ಮೇಲಿಂದ ಬಗ್ಗಿ ನೋಡ್ತಿದ್ಲು. "ನನ್ನ ಬೆಳಕಿಗೆ ಅಡ್ಡ ಬರಬೇಡ" ಅಂತ ಬೈತಿದ್ದ. ಆ ಕಡೆ ಹೋಗಿ ನೋಡೋಳು. ಮೂರು ವರ್ಷ ಹಂಗೇ ನೋಡಿದ್ಲು. ಕೊನೆಗೊಂದು ದಿನ ಅವನೇ ತಿರುಪುಳಿ ಅವಳ ಕೈಗೆ ಕೊಟ್ಟು, "ನೀನೇ ಮಾಡು, ನನಗೆ ಸೊಂಟ ನೋವು" ಅಂದನಂತೆ.

ಅವಳದ್ದೊಂದು ಪದ್ಧತಿ ಇದೆ. ಮಿಷನ್ನು ರೆಡಿ ಆದ ಮೇಲೆ ಒಂದು ಉದ್ದ ಪಟ್ಟಿ ಹೊಲೀತಾಳೆ. ಮೊದಲು ಗಾಳಿಗೆ ಹಾರೋ ಅಂಥ ತೆಳ್ಳನೆ ಬಟ್ಟೆ, ಆಮೇಲೆ ಅಂಗಿ ಬಟ್ಟೆ, ಆಮೇಲೆ ಪ್ಯಾಂಟಿನದ್ದು, ಕೊನೇಲಿ ನಾಲ್ಕು ಮಡಿಕೆ ಡೇರೆ ಬಟ್ಟೆ. ಎಲ್ಲದರ ಮೇಲೂ ಒಂದೇ ಉಸಿರಿಗೆ ಒಂದೇ ಹೊಲಿಗೆ. ಮಧ್ಯದಲ್ಲಿ ದಾರದ ಬಿಗಿ ಮುಟ್ಟೋ ಹಂಗಿಲ್ಲ. ಎಲ್ಲಾದ್ರೂ ಒಂದು ಕಡೆ ದಾರ ಗಂಟು ಕಟ್ಟಿತೋ, ಮಿಷನ್ನು ಮತ್ತೆ ಬಿಚ್ಚಿದ್ಲು ಅಂತಲೇ ಲೆಕ್ಕ. ಗಂಡ ಊಟಕ್ಕೆ ಕರೆದ್ರೂ ಕೇಳಿಸಲ್ಲ. ಪಟ್ಟಿ ಸರಿ ಬಂದ ಮೇಲೆ ಅದನ್ನ ಮಿಷನ್ನಿಗೇ ಪಿನ್ನು ಮಾಡಿ, ಅದರದ್ದೂ ಫೋಟೋ ಹಾಕ್ತಾಳೆ. ಇಷ್ಟೆಲ್ಲಾ ಮಾಡಿ ನಾಲ್ಕು ಸಾವಿರದ ಇನ್ನೂರು ಅಂತ ಬರೀತಾಳೆ. ಜೊತೆಗೆ "ಬಣ್ಣ ಒಂದು ಕಡೆ ಎದ್ದಿದೆ" ಅಂತ ಇರೋದನ್ನೂ ಬರೀತಾಳೆ.

ಅಲ್ಲೇ ಶುರು ಆಗೋದು ರಾಮಾಯಣ.

ಆ ಫೋನಿಗೆ ಎಂಥೆಂಥಾ ಮಾತು ಬರುತ್ತೆ ಅಂತೀರಾ! ನಮಸ್ಕಾರ ಇಲ್ಲ, ಏನಿಲ್ಲ, ನೇರ "ಲಾಸ್ಟ್ ಎಷ್ಟು?" ಇನ್ನೊಬ್ಬ, "ಬಣ್ಣ ಎದ್ದಿದೆ ಅಂತ ನೀವೇ ಬರೆದಿದೀರಲ್ಲ, ಎರಡು ಸಾವಿರ ಇಳಿಸಿ." ಬಣ್ಣದಲ್ಲಿ ಹೊಲೀತಾರಾ ಯಾರಾದ್ರೂ? ಮತ್ತೊಬ್ಬ, "ಎರಡೂವರೆಗೆ ಕೊಡಿ ಮೇಡಂ, ನಾನೇ ಬಂದು ಹೊತ್ಕೊಂಡು ಹೋಗ್ತೀನಿ." ಅದಕ್ಕೆ ಇವಳು, "ಮತ್ತೆ ಮಿಷನ್ನು ತಾನೇ ನಡ್ಕೊಂಡು ನಿಮ್ಮ ಮನೆಗೆ ಬರುತ್ತಾ ಅಣ್ಣಾ?" ಅಂತ ಬರೆದ್ಲು. ಒಬ್ಬ ಪುಣ್ಯಾತ್ಮ ದುಡ್ಡೇ ಬೇಡ, ಮೀನಿನ ತೊಟ್ಟಿ ಕೊಡ್ತೀನಿ ಅಂದ, ಒಳಗೆ ಎರಡು ಮೀನೂ ಇದೆಯಂತೆ. ಅವತ್ತು ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಅವಳು ಮಾತ್ರ ನಗಲಿಲ್ಲ. ಹದಿನೆಂಟು ದಿನ ಒದ್ದಾಡಿ ಎಬ್ಬಿಸಿದ ಮಿಷನ್ನು ಅದು, ಎರಡು ಮೀನಿಗೆ ಸಮ ಆಯ್ತಲ್ಲ!

ಅವಳಿಗೆ ನಗು ಬರದೆ ಇರೋಕೆ ಇನ್ನೊಂದು ಕಾರಣಾನೂ ಇತ್ತು. ಅವಳು ಕೆಲಸ ಮಾಡ್ತಿದ್ದ ಮುಂದಿನ ಕೋಣೆ ಅವಳ ಭಾವನ ಪಾಲಿಂದು. ಅಂದ್ರೆ ನಮ್ಮ ದೊಡ್ಡವನದ್ದು. ಅವನು ಕೆಟ್ಟವನಲ್ಲ. ಕೈ ಸ್ವಲ್ಪ ಬಿಗಿ, ಬಾಯಿ ಸ್ವಲ್ಪ ಸಡಿಲ, ಅಷ್ಟೇ. ಅವನು ಒಂದು ಜೆರಾಕ್ಸ್ ಮಿಷನ್ನಿಗೆ ಹೇಳಿಟ್ಟಿದ್ದ. ಒಂದನೇ ತಾರೀಕು ಬರ್ತದೆ, ಅದಕ್ಕೆ ಕೋಣೆ ಬೇಕು. ಆಗ ಕೋಣೆ ತುಂಬ ಇವಳ ಆರು ಮಿಷನ್ನು.

"ನೋಡಮ್ಮಾ," ಅಂದ ಭಾವ. "ಈ ತಿಂಗಳ ಕೊನೆ ಒಳಗೆ ಆರಕ್ಕೆ ಆರೂ ಹೋಯ್ತು ಅಂದ್ರೆ, ಇದು ವ್ಯಾಪಾರ ಅಂತ ಒಪ್ಕೋತೀನಿ. ಅರ್ಧ ಕೋಣೆ ನಿಂಗೆ, ಅರ್ಧ ನಂಗೆ. ಒಂದು ಉಳಿದ್ರೂ ಪೂರ್ತಿ ಕೋಣೆ ನಂದು. ಆಮೇಲೆ ಮುಖ ಸಪ್ಪಗೆ ಮಾಡ್ಕೋಬಾರದು."

"ಆಗಲಿ ಭಾವ," ಅಂದ್ಲು. ಅಷ್ಟೇ ಮಾತು.

ಹತ್ತು ದಿನ ಆಯ್ತು. ಒಂದೂ ಹೋಗಲಿಲ್ಲ. ಬರೀ ಚೌಕಾಸಿ. ಅವಳ ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬರ್ತಾನೆ. ಅವತ್ತು ಸಂಜೆ ಬಂದವನೇ ಶೂ ಬಿಚ್ತಾ ಅಂದ: "ಏನೇ, ನಿಂಗೆ ಬುದ್ಧಿ ಇದೆಯಾ? ಜನಕ್ಕೆ ಮಿಷನ್ನು ಬೇಡ, ಇಳಿಸಿದೆ ಅನ್ನೋ ಖುಷಿ ಬೇಕು. ಐದು ಸಾವಿರ ಅಂತ ಹಾಕು. ಎಂಟುನೂರು ಇಳಿಸಲಿ ಬಿಡು. ಅವರೂ ಗೆದ್ರು, ನೀನೂ ಗೆದ್ದೆ."

"ಅದು ಸುಳ್ಳಲ್ವೇನ್ರೀ?"

"ಸುಳ್ಳು ಹೆಂಗಾಯ್ತು? ಅವರು ಕೇಳೋ ಎರಡು ಸಾವಿರ ನಿಜಾನಾ?"

ಅವಳಿಗೆ ಅದು ಒಪ್ಪಿಗೆ ಆಗಲಿಲ್ಲ. ಆದ್ರೂ ಗೋಡೇಲಿ ಕ್ಯಾಲೆಂಡರ್ ನೋಡಿದ್ಲು, ಬೆಲೆ ಅಳಿಸಿ ಐದು ಸಾವಿರ ಮಾಡಿದ್ಲು. ಗಂಡ ಹೇಳಿದ್ದು ಹೇಳಿದ ಹಂಗೇ ಆಯ್ತು! ವಾರದಲ್ಲಿ ಮೂರು ಹೋಯ್ತು. ಬಂದವರು ಮೂಗು ಮುರಿಯೋರು, "ನಾಲ್ಕು ಇನ್ನೂರು, ಅದಕ್ಕಿಂತ ಒಂದು ಪೈಸೆ ಕೊಡಲ್ಲ" ಅಂತ ಎದೆ ಸೆಟೆಸೋರು. ಇವಳು ಬಹಳ ಕಷ್ಟಪಟ್ಟು ಒಪ್ಪಿದ ಹಂಗೆ ಒಂದು ನಿಟ್ಟುಸಿರು ಬಿಡೋಳು. ಆ ನಿಟ್ಟುಸಿರು ಬಿಡೋದು ಇದೆಯಲ್ಲ, ಡೇರೆ ಬಟ್ಟೆ ಹೊಲಿಯೋದಕ್ಕಿಂತ ಕಷ್ಟ ಆಗ್ತಿತ್ತು ಅವಳಿಗೆ.

ನಾಲ್ಕನೇದಕ್ಕೆ ಒಬ್ಬ ಹೆಂಗಸು ಬಂದ್ಲು. ಪರದೆ ಹೊಲಿಯೋಳಂತೆ. ಬಾಯಿ ಬಿಟ್ಟು ಒಂದು ಮಾತಿಲ್ಲ. ನೇರ ಹೋಗಿ ಆ ಪಟ್ಟಿ ಬಿಚ್ಚಿ, ತಿರುಗಿಸಿ, ಹಿಂಭಾಗ ನೋಡಿದ್ಲು. ದಾರ ಗಂಟು ಕಟ್ಟಿದ್ರೆ ಕಾಣೋದು ಅಲ್ಲೇ, ಆದ್ರೂ ಅಲ್ಲಿವರೆಗೆ ಬಂದವರಲ್ಲಿ ಒಬ್ಬರೂ ಪಟ್ಟಿಯ ಹಿಂಭಾಗ ನೋಡಿರಲಿಲ್ಲ. ತೆಳು ಬಟ್ಟೆಯಿಂದ ಹಿಡಿದು ನಾಲ್ಕು ಮಡಿಕೆವರೆಗೂ ಬೆರಳು ಎಳೆದ್ಲು. ಆಮೇಲೆ ಬ್ಯಾಗಿಂದ ಐದು ಸಾವಿರ ತೆಗೆದು ಟೇಬಲ್ ಮೇಲಿಟ್ಟು, "ಆಟೋದವನು ಕಾಯ್ತಿದಾನೆ, ಒಂದು ಕೈ ಹಿಡೀತೀರಾ?" ಅಂದ್ಲು.

ಅಷ್ಟೇ. ಹೋದ್ಲು.

ಎಣ್ಣೆಕೈಗೆ ಅವತ್ತು ಊಟ ಇಳೀಲಿಲ್ಲ. ಗಂಡ "ಲಾಟರಿ ಹೊಡೀತು ಕಣೇ!" ಅಂತ ಕುಣಿದ. ಇವಳಿಗೆ ಮೈಯೆಲ್ಲ ಮುಳ್ಳು. ಜಗಳ ಆಡಿದವರಿಗೆ ಸರಿಯಾದ ಬೆಲೆ, ಕೆಲಸ ನೋಡಿ ಸುಮ್ಮನೆ ದುಡ್ಡಿಟ್ಟವಳಿಗೆ ಎಂಟುನೂರು ಜಾಸ್ತಿ. ಇದೆಂಥಾ ನ್ಯಾಯ ಅಂತ ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ ಒಂದು ಲೋಟದ ಅಂಚೇ ಸೊಟ್ಟ ಮಾಡಿಬಿಟ್ಲು. ಬೆಳಿಗ್ಗೆ ಎದ್ದವಳೇ ಎರಡು ಬಸ್ಸು ಬದಲಾಯಿಸಿ ಆ ಹೆಂಗಸಿನ ಮನೆಗೆ ಹೋದ್ಲು. ವಿಳಾಸ ಇತ್ತಲ್ಲ, ಆಟೋದವನಿಗೆ ಹೇಳಿದ್ದು ಕೇಳಿಸಿಕೊಂಡಿದ್ಲು.

ಮೂರನೇ ಮಹಡಿ. ಒಂದೇ ಕೋಣೆ. ಕಾಲಿಡೋಕೆ ಜಾಗ ಇಲ್ಲದ ಹಂಗೆ ಪರದೆ ಬಟ್ಟೆಯ ಸುರುಳಿಗಳು. ಇವಳು ಬಾಗಿಲಲ್ಲೇ ನಿಂತು ಎಂಟುನೂರು ಚಾಚಿದ್ಲು. ಆ ಹೆಂಗಸು ದುಡ್ಡು ನೋಡಿದ್ಲು, ಇವಳ ಮುಖ ನೋಡಿದ್ಲು, ಎರಡು ಹೆಜ್ಜೆ ಹಿಂದೆ ಸರಿದ್ಲು.

"ಯಾಕ್ರೀ? ಮಿಷನ್ನಲ್ಲಿ ಏನೋ ಕೆಟ್ಟಿದೆ ಅಲ್ವಾ? ನಿಜ ಹೇಳಿ."

"ಅಯ್ಯೋ ಇಲ್ಲಮ್ಮಾ! ಏನೂ ಕೆಟ್ಟಿಲ್ಲ!"

"ಮತ್ತೆ ಮನೆ ಹುಡುಕಿಕೊಂಡು ಬಂದು ದುಡ್ಡು ವಾಪಸ್ ಕೊಡೋರು ಯಾರಿದಾರ್ರೀ ಈ ಕಾಲದಲ್ಲಿ? ಶಟಲ್ ಸವೆದಿದೆಯಾ?"

"ಶಟಲ್ ಹೊಸದು ಹಾಕಿದೀನಿ!"

ನಂಬೋಳಲ್ಲ ಅವಳು. ಕೊನೆಗೆ ಇವಳು ಅಲ್ಲೇ ನೆಲದ ಮೇಲೆ ಕೂತು, ಮಿಷನ್ನಿನ ತಳ ಬಿಚ್ಚಿ ಕೆಳಗಿನ ದಾರ ಹಿಡಿಯೋ ಆ ಶಟಲ್ ತೋರಿಸಿ, ಮತ್ತೆ ಜೋಡಿಸಿ, ಚೌಕಾಸಿ ಮಾಡೋರ ಕಾಟಕ್ಕೆ ಎಂಟುನೂರು ಮೇಲೆ ಹಾಕಿದ್ದು ಅಂತ ಇದ್ದದ್ದು ಇದ್ದ ಹಂಗೆ ಹೇಳಿದ್ಲು. ಆ ಹೆಂಗಸು ಎಲ್ಲಾ ಕೇಳಿ ಸೂಜಿಗೆ ದಾರ ಪೋಣಿಸ್ತಾ ಅಂದ್ಲು: "ಹಾಗಾದ್ರೆ ಸುಮ್ಮನಿದ್ದವರಿಗೆ ದಂಡ ಹಾಕ್ತಿದ್ರಿ ಅನ್ನಿ."

ಇವಳು ತಿರುಪುಳಿ ಕೆಳಗಿಟ್ಲು. ಹೌದಲ್ಲ!

ದುಡ್ಡು ತಗೊಂಡ್ಲು ಆ ಹೆಂಗಸು, ಒಂದು ಸಲಾನೂ ಬೇಡ ಅನ್ನಲಿಲ್ಲ. ಟೀ ಕೊಟ್ಲು. ವಾಪಸ್ ಬರೋವಾಗ ಬಸ್ಸಿನಲ್ಲೇ ಇವಳು ಫೋನು ತೆಗೆದು ಉಳಿದ ಎರಡು ಮಿಷನ್ನಿನ ಬೆಲೆ ಅಳಿಸಿ ನಾಲ್ಕು ಸಾವಿರದ ಇನ್ನೂರು ಮಾಡಿದ್ಲು. ಕೆಳಗೆ ಇನ್ನೊಂದು ಸಾಲು: "ಎಲ್ಲರಿಗೂ ಒಂದೇ ಬೆಲೆ. ಪಟ್ಟಿಯ ಹಿಂಭಾಗ ನೋಡಿ."

ಗಂಡ ತಲೆ ಚಚ್ಚಿಕೊಂಡ. "ಇನ್ನು ಹನ್ನೊಂದು ದಿನ ಇದೆ ಕಣೇ! ಎರಡು ಹೋದ ಮೇಲೆ ಏನು ಬೇಕಾದ್ರೂ ಬರ್ಕೋ!"

"ಬರೆದಾಯ್ತು," ಅಂದ್ಲು. ಅವಳು ಹಂಗೆ ಒಂದೇ ಮಾತಲ್ಲಿ ಮುಗಿಸಿದ್ಲು ಅಂದ್ರೆ ಆಮೇಲೆ ಬ್ರಹ್ಮ ಬಂದ್ರೂ ಅಲ್ಲಾಡಲ್ಲ.

ಐದನೇದು ಹೋಯ್ತು. ಶಾಲೆಯ ಆಯಾ ಒಬ್ಬಳು ಬಂದು ತಗೊಂಡ್ಲು, ಹೇಳಿದ ಬೆಲೆಗೆ. ಒಂದು ಉಳೀತು. ತಿಂಗಳ ಕೊನೇ ದಿನ ಬಂತು. ಮಧ್ಯಾಹ್ನದವರೆಗೂ ಯಾರೂ ಇಲ್ಲ. ಭಾವ ಅಳತೆ ಟೇಪು ಹಿಡ್ಕೊಂಡು ಬಂದು ಗೋಡೆಯಿಂದ ಗೋಡೆಗೆ ಅಳೀತಿದ್ದ, ಆದ್ರೆ ಅವನ ಕಣ್ಣೂ ಬಾಗಿಲ ಕಡೆಗೇ.

ನಾಲ್ಕು ಗಂಟೆಗೆ ಬಂದ ಒಬ್ಬ. ಬೂಟಲ್ಲಿ ಮುಖ ನೋಡ್ಕೋಬಹುದು, ಹಂಗೆ ಹೊಳೀತಿತ್ತು. ಮಿಷನ್ನಿನ ಸುತ್ತ ಎರಡು ಸುತ್ತು ಹಾಕಿದ, ಬೆರಳಲ್ಲಿ ಟಕ್ ಟಕ್ ತಟ್ಟಿದ, ಕಲ್ಲಂಗಡಿ ಹಣ್ಣು ನೋಡಿದ ಹಂಗೆ. ಆಮೇಲೆ ಜೇಬಿಂದ ಎಣಿಸಿಟ್ಟಿದ್ದ ದುಡ್ಡು ತೆಗೆದು ಟೇಬಲ್ ಮೇಲೆ ಇಟ್ಟ. "ನಾಲ್ಕು ಸಾವಿರ ಇದೆ ಮೇಡಂ. ಗಾಡಿ ತಂದಿದೀನಿ. ಎತ್ತಿಬಿಡ್ಲಾ?"

"ನಾಲ್ಕು ಇನ್ನೂರು ಅಣ್ಣಾ."

"ಇನ್ನೂರಕ್ಕೆ ಏನ್ ಮೇಡಂ! ಇಷ್ಟು ದೂರ ಬಂದಿದೀನಿ."

"ಬರೋಕೆ ಮುಂಚೆ ಬೆಲೆ ನೋಡಿದ್ರಲ್ಲ."

ಭಾವ ಆ ಮೂಲೆಯಿಂದ ಕಣ್ಣಲ್ಲೇ ಸನ್ನೆ ಮಾಡ್ತಿದ್ದಾನೆ. ಕೊಡು, ಕೊಡು ಅಂತ. ನೋಡಿ ಇವನ ಕಥೆ! ಕೋಣೆ ತನಗೆ ಬರಬೇಕು ಅಂತ ಟೇಪು ಹಿಡಿದವನು, ಈಗ ಅವಳು ಗೆಲ್ಲಲಿ ಅಂತ ಒದ್ದಾಡ್ತಿದ್ದಾನೆ. ತಡೀಲಾರದೆ ಹತ್ರ ಬಂದು ಅವಳ ಕಿವಿ ಹತ್ರ ಪಿಸುಗುಟ್ಟಿದ: "ಕೊಟ್ಟುಬಿಡಮ್ಮಾ. ಆ ಇನ್ನೂರು ನಾನು ಹಾಕ್ತೀನಿ." ಅವನ ಜನ್ಮದಲ್ಲಿ ಕೇಳದೆ ದುಡ್ಡು ಕೊಡ್ತೀನಿ ಅಂದಿದ್ದು ಅದೇ ಮೊದಲು ಇರಬೇಕು.

ಎಣ್ಣೆಕೈ ಟೇಬಲ್ ಮೇಲಿನ ದುಡ್ಡು ನೋಡಿದ್ಲು. ಅದನ್ನ ಎತ್ತಿಕೊಂಡ್ರೆ ಅರ್ಧ ಕೋಣೆ ಅವಳದ್ದು. ಕಿಟಕಿ ಇರೋ ಅರ್ಧವೇ ಕೇಳಬೇಕು ಅಂತ ಮನಸ್ಸಲ್ಲೇ ಗೆರೆ ಹಾಕಿಟ್ಟಿದ್ಲು ಕೂಡ. ಆದ್ರೆ ಮೂರನೇ ಮಹಡಿಯ ಆ ಪರದೆಯವಳು ಕಣ್ಣ ಮುಂದೆ ಬಂದ್ಲು. ಇವನಿಗೆ ಇನ್ನೂರು ಬಿಟ್ರೆ ಅವಳ ಕೈಯಿಂದ ಇನ್ನೂರು ಮತ್ತೆ ಕಿತ್ತುಕೊಂಡ ಹಂಗೇ ಅಲ್ವಾ? ದುಡ್ಡು ಜೋಡಿಸಿ ಎರಡೂ ಕೈಯಲ್ಲಿ ಅವನಿಗೇ ವಾಪಸ್ ಕೊಟ್ಲು.

"ಇದೇ ಬೆಲೆಗೆ ಬೇರೆಯವರು ತಗೊಂಡು ಹೋಗಿದಾರೆ ಅಣ್ಣಾ. ಅವರಿಗೆ ನಾನು ಏನಂತ ಹೇಳಲಿ?"

"ಅವರಿಗೆ ಗೊತ್ತಾಗಲ್ಲ ಬಿಡಿ ಮೇಡಂ!"

"ನಂಗೆ ಗೊತ್ತಾಗುತ್ತಲ್ಲ."

ಅವನು ಬಾಗಿಲವರೆಗೂ ಹೋಗಿ ನಿಂತ. ಕರೀತಾಳೆ ಅಂತ. ಮೆಟ್ಟಿಲಿಳಿದು ಮತ್ತೆ ನಿಂತ. ಇವಳು ಕರೀಲಿಲ್ಲ. ಗಾಡಿ ಸದ್ದು ಬೀದಿ ಕೊನೆಗೆ ಹೋಗಿ ನಿಂತೇ ಹೋಯ್ತು.

ಭಾವ ಟೇಪನ್ನ ಎಳೆಯೋದು, ಬಿಡೋದು, ಎಳೆಯೋದು, ಬಿಡೋದು. ಆಮೇಲೆ ಕೆಮ್ಮಿದ. "ಹೋಗಲಿ ಬಿಡಮ್ಮಾ. ಇನ್ನೊಂದು ಹತ್ತು ದಿನ ತಗೋ. ಜೆರಾಕ್ಸು ಪಡಸಾಲೇಲಿ ಇಟ್ಕೋತೀನಿ."

ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಕಣ್ಣೀರು ಹಾಕಿ ಕಾಲಿಗೆ ಬೀಳೋರು. ಇವಳು ತಿರುಪುಳಿ, ಎಣ್ಣೆ ಡಬ್ಬಿ ಎಲ್ಲಾ ಬುಟ್ಟಿಗೆ ತುಂಬ್ತಾ ಅಂದ್ಲು: "ಬೇಡ ಭಾವ. ಕೊನೇ ದಿನ ಅಂತ ನೀವು ಹೇಳಿದ್ರಿ, ಆಗಲಿ ಅಂತ ನಾನು ಹೇಳಿದೆ. ಇವತ್ತು ಕೊನೇ ದಿನ. ಅವನು ಬೆಲೇಲಿ ಚೌಕಾಸಿ ಮಾಡಿದ, ನಾನು ತಾರೀಕಲ್ಲಿ ಮಾಡ್ಲಾ?"

ಕೆಲಸದ ಬೆಂಚಿನ ಒಂದು ತುದಿ ಅವಳು ಹಿಡಿದ್ಲು, ಇನ್ನೊಂದು ತುದಿ ದೊಡ್ಡವನೇ ಹೋಗಿ ಹಿಡಿದ. ಮೆಟ್ಟಿಲ ಕೆಳಗೆ ಜಾಗ ಇತ್ತು, ಹಳೇ ಸೈಕಲ್ಲು, ಬಣ್ಣದ ಡಬ್ಬ ಎಲ್ಲಾ ಬಿದ್ದಿದ್ದ ಜಾಗ. ಅವನೇ ಗುಡಿಸಿದ, ಅವನೇ ಒಂದು ಬಲ್ಬು ಎಳೆದ. ತಗ್ಗು ಜಾಗ ಅದು, ನೆಟ್ಟಗೆ ನಿಂತ್ರೆ ತಲೆ ತಾಗುತ್ತೆ. ಅವಳು ಕೂತೇ ಅಲ್ವಾ ಕೆಲಸ ಮಾಡೋದು! ಮಾರನೇ ದಿನ ಬೆಳಿಗ್ಗೆ ಅಲ್ಲಿ ಕೂತು ಇನ್ನೊಂದು ತುಕ್ಕು ಮಿಷನ್ನು ಬಿಚ್ಚೋಕೆ ಶುರು ಮಾಡಿದ್ಲು, ಏನೂ ಆಗೇ ಇಲ್ಲ ಅನ್ನೋ ಹಂಗೆ. ಮೇಲೆ ಹೋಗೋರು, ಕೆಳಗೆ ಬರೋರು ಎಲ್ಲಾ ಬಗ್ಗಿ ನೋಡೋರೇ.

ನಾಲ್ಕನೇ ದಿನ ಇರಬೇಕು, ಮೇಲಿನ ಮನೆಗೆ ಬಂದಿದ್ದ ನೆಂಟರೊಬ್ಬರು ಇಳಿಯೋವಾಗ ಆ ಉಳಿದ ಮಿಷನ್ನು ನೋಡಿ ನಿಂತ್ರು. "ಚೆನ್ನಾಗಿದೆಯಲ್ಲ, ಎಷ್ಟಮ್ಮಾ ಇದು?"

ಇವಳು ಬಾಯಲ್ಲಿ ತಿರುಪು ಕಚ್ಚಿಕೊಂಡಿದ್ಲು. ಅದನ್ನ ತೆಗೆಯೋ ಅಷ್ಟರಲ್ಲಿ ಜೆರಾಕ್ಸ್ ಕೋಣೆಯಿಂದ ದೊಡ್ಡವನು ಕೂಗಿದ, ಇಡೀ ಬೀದಿಗೆ ಕೇಳೋ ಹಂಗೆ:

"ಐದು ಸಾವಿರ! ಒಂದು ಪೈಸೆ ಕಡಿಮೆ ಇಲ್ಲ! ಅವಳ ಹತ್ರ ಚೌಕಾಸಿ ನಡೆಯಲ್ಲ!"

ಅವಳು ತಿರುಪು ಅಂಗೈಗೆ ಉಗಿದು, ಅಲ್ಲಿಂದಲೇ ಕತ್ತು ಚಾಚಿದ್ಲು.

"ನಾಲ್ಕು ಇನ್ನೂರು, ಭಾವ!"