ಏರಿಯ ಬುಡದ ಗದ್ದೆ

ತಾಲ್ಲೂಕು ಕಚೇರಿಯಲ್ಲಿ ಬಾಯಿ ತೆರೆಯಬೇಡ ಎಂದು ಬಸ್ಸಿನುದ್ದಕ್ಕೂ ದೊಡ್ಡಪ್ಪನಿಗೆ ಹೇಳಿಕೊಂಡು ಹೋಗಿದ್ದೆ. ಕೇಳಿದರೆ ತಾನೆ? ನಾನು ಜೆರಾಕ್ಸ್ ಮಾಡಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಕೆಟ್ಟುಹೋಗಿತ್ತು.

ನಮ್ಮದು ತಮಿಳು ಸೀಮೆಗೆ ಸೇರಿದ ಗಡಿಯ ಕನ್ನಡದೂರು. ನಿಮ್ಮ ನೆಲ ಏರಿಯಲ್ಲಿದೆಯಾ ಎಂದು ಸರ್ವೇಯರ್ ತಮಿಳಿನಲ್ಲಿ ಕೇಳಿದನಂತೆ. "ಊಂ ಸಾಮಿ, ಏರಿ ಬುಡದಾಗೇ ಐತೆ" ಎಂದು ಈತ ತಲೆಯಾಡಿಸಿದನಂತೆ. ನಮ್ಮ ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಆ ಹುಡುಗ, ಮುದುಕ ತಾನೇ ಒಪ್ಪಿಕೊಂಡ ಎಂದು 'ಕೆರೆಯೊಳಗಿನ ಒತ್ತುವರಿ' ಅಂತ ಬರೆದುಬಿಟ್ಟಿದ್ದ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ದೊಡ್ಡಪ್ಪ ನಮ್ಮೂರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಆ ಕೆಲಸಕ್ಕೆಂದೇ ಏರಿಯ ಕೆಳಗಿನ ಒಂದು ತುಂಡು ಗದ್ದೆಯನ್ನು ಊರು ನಮ್ಮ ಹಿರಿಯರಿಗೆ ಬಿಟ್ಟುಕೊಟ್ಟಿತ್ತು. ನೀನು ನೀರು ನೋಡಿಕೋ, ಈ ಗದ್ದೆ ನೀನು ಉಣ್ಣು. ಒಪ್ಪಂದ ಅಷ್ಟೇ, ಅದೂ ಬಾಯಿಮಾತಿನದು. ಈಗ ಕೆರೆಗಳ ಒತ್ತುವರಿ ತೆರವು ಮಾಡುತ್ತಿದ್ದಾರೆ. ಪಟ್ಟಾದಲ್ಲಿ ಹೆಸರು ಸೇರದಿದ್ದರೆ ಗದ್ದೆ ಹೋದ ಹಾಗೆಯೇ.

ಏರಿ ಎಂದರೆ ಏನೆಂದು ಮೇಲಧಿಕಾರಿಗೆ ತಿಳಿಸಿ ಹೇಳುವುದಕ್ಕೆ ನನ್ನ ಮೂರು ರಜೆ ಖರ್ಚಾದವು. ಕೊನೆಗೆ ಆತ, "ಸರಿ, ನೀವೇ ನೀರುಗಂಟಿ ಅನ್ನೋದಕ್ಕೆ ಊರವರ ಬರಹ ತನ್ನಿ" ಎಂದ.

ಅದೇನು ಮಹಾ ಎಂದುಕೊಂಡೆ. ಮನೆಮನೆ ತಿರುಗಿದೆ. ಎಲ್ಲ ಕಡೆ ಕಾಫಿ ಸಿಕ್ಕಿತು, ಸಹಿ ಮಾತ್ರ ಸಿಗಲಿಲ್ಲ. ಎಲ್ಲರದೂ ಒಂದೇ ಮಾತು:

"ಯಾವನ್ಲಾ ಇಲ್ಲ ಅಂದೋನು? ನಿಮ್ ದೊಡ್ಡಪ್ಪನೇ ನೀರುಗಂಟಿ. ಆದ್ರೆ ಸೈನ್ ಗೀನ್ ಬ್ಯಾಡ ಕಣಪ್ಪಾ. ನಾಳೆ ಕೋರ್ಟು ಅಂದ್ರೆ ಯಾರು ಓಗ್ತಾರೆ?"

ರೇಗಿಹೋಗಿ ದೊಡ್ಡಪ್ಪನ ಮೇಲೆ ಕೂಗಾಡಿದೆ. "ಒಂದಿನ ತೂಬು ಎತ್ಬೇಡ. ಆಗ ಗೊತ್ತಾಯ್ತದೆ ಇವ್ರಿಗೆ."

"ನೀರು ನಿಲ್ಸಾದಾ? ಪೈರು ಏನ್ ತಪ್ಪು ಮಾಡೈತ್ಲಾ?" ಎಂದು ನನ್ನನ್ನೇ ಬೈದ. ನಾನು ಬಿಡಲಿಲ್ಲ, ಎರಡು ದಿನ ಕೊರೆದೆ. ಮೂರನೆಯ ದಿನ ಬೆಳಿಗ್ಗೆ ಅವನು ಜಗಲಿ ಬಿಟ್ಟು ಏಳಲಿಲ್ಲ.

ಮಧ್ಯಾಹ್ನದೊಳಗೆ ಪಂಚಾಯಿತಿಗೆ ಒಂದು ಅರ್ಜಿ ಹೋಗಿತ್ತು. 'ತಲೆತಲಾಂತರದಿಂದ ತೂಬು ಎತ್ತುವ ಕೆಲಸಕ್ಕಾಗಿ ಏರಿಯ ಕೆಳಗಿನ ಗದ್ದೆ ಅನುಭವಿಸುತ್ತಿರುವ ನಮ್ಮೂರ ನೀರುಗಂಟಿ ಈ ದಿನ ಕರ್ತವ್ಯ ತಪ್ಪಿದ್ದಾನೆ.' ಕೆಳಗೆ ಊರಿಗೆ ಊರೇ ಸಹಿ ಹಾಕಿತ್ತು. ನನಗೆ ಕಾಫಿ ಕೊಟ್ಟವರೆಲ್ಲ ಅದರಲ್ಲಿದ್ದರು. ನಗಬೇಕೋ ಜಗಳಕ್ಕೆ ಹೋಗಬೇಕೋ ತಿಳಿಯದೆ, ಅದರ ಪ್ರತಿ ಹಿಡಿದು ಕಚೇರಿಗೆ ಓಡಿದೆ.

"ಇದು ನಿಮ್ಮ ಮೇಲೇ ಕೊಟ್ಟಿರೋ ದೂರಲ್ವಾ?" ಎಂದ ಅಧಿಕಾರಿ.

"ಹೌದು ಸಾರ್. ಅದರಲ್ಲಿ ಗದ್ದೆ ಯಾರದು ಅಂತ ಬರೆದವ್ರೆ ನೋಡಿ."

ಓದಿದ, ಇನ್ನೊಮ್ಮೆ ಓದಿದ, ಕಡತಕ್ಕೆ ಸೇರಿಸಿದ. ಒಂದು ತಿಂಗಳಿಗೆ ಪಟ್ಟಾ ಬಂತು.

ಕುಣಿದುಕೊಂಡು ಹೋಗಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ನೋಡಲಿಲ್ಲ.

"ಆ ಅರ್ಜಿ ಎಲ್ಲೈತೆ?"

"ಕಡತದಾಗೆ. ಅದು ಅಲ್ಲೇ ಇರ್ತದೆ, ನಮ್ಗೆ ಅದೇ ದಾಖಲೆ."

"ಅರಿದಾಕು ಅನ್ನು ಅವ್ರಿಗೆ."

"ಆಗಲ್ಲ ದೊಡ್ಡಪ್ಪಾ, ಅದಿದ್ರೇನೇ ಗದ್ದೆ."

ದೊಡ್ಡಪ್ಪ ಪಟ್ಟಾವನ್ನು ಜಗಲಿಯ ಮೇಲಿಟ್ಟ. ಆಮೇಲೆ ತೂಬಿನ ಸಲಾಕೆ ಹೆಗಲಿಗೇರಿಸಿಕೊಂಡು ಎದ್ದ.

"ಇಷ್ಟು ವರ್ಷ ಎತ್ತಿದ್ದು ಯಾರೂ ಬರ್ಕೊಳ್ನಿಲ್ಲ. ಎತ್ತದೇ ಇದ್ದ ಒಂದಿನ ಮಾತ್ರ ಕಾಗದದಾಗೆ ಉಳ್ಕೊಂತಲ್ಲೋ."