ಕಣ್ಣು ಬರೆಯದ ಎತ್ತು

ಅಂದು ನಾನು ನಿಂತದ್ದು ಗಜೇಂದ್ರಗಡದ ರೋಣ ರಸ್ತೆಯಲ್ಲಿ, ನನ್ನ ಸೈಕಲ್ ಅಂಗಡಿಯ ಹೊಸ್ತಿಲ ಮೇಲೆ. ಮಹಾನವಮಿಯ ಖಂಡೆ ಪೂಜೆಯ ಹಿಂದಿನ ದಿನ, ಮಧ್ಯಾಹ್ನ. ಇಂದಿಗೂ ಪಂಕ್ಚರ್ ಸೊಲ್ಯೂಷನ್ ಡಬ್ಬಿ ತೆರೆದರೆ ಆ ಘಾಟಿನ ಹಿಂದೆಯೇ ಥಿನ್ನರಿನ ವಾಸನೆ ನೆನಪಾಗುತ್ತದೆ, ಅದರ ಹಿಂದೆ ಪೇಂಟರ್ ಚಾಚಾ...

ಎದುರಿನ ತಗಡಿನ ಶೆಡ್ಡಿನಲ್ಲಿ ಅವರು ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಣ್ಣ ತೆಳುವಾಗಿಸಲು ಥಿನ್ನರ್, ಬಣ್ಣ ಸಿಂಪಡಿಸುವ ಗನ್ ತೊಳೆಯಲು ಥಿನ್ನರ್, ಸಂಜೆ ಕೈ ತೊಳೆಯಲೂ ಅದೇ. ಟ್ರೇಲರಿನ ಹಿಂಬದಿಯ ಹಲಗೆ ಬಿಚ್ಚಿ, ಅದರ ಮೇಲೆ ಕುಂಚದಿಂದ ಒಂದು ಎತ್ತು ಬರೆದು, ಒಣಗಲು ನನ್ನ ಗೋಡೆಗೆ ಒರಗಿಸುತ್ತಿದ್ದರು. ಕಣ್ಣು ಮಾತ್ರ ಪೂಜೆಯಾದ ಮೇಲೆ, ಮಾಲೀಕರ ಎದುರಿಗೇ. ಪೂಜೆಯೂ ಶೆಡ್ಡಿನ ಹೊರಗೇ ಆಗಬೇಕು.

“ಗಾಡಿ ಹೊರಗ ದಬ್ರಿ, ಆಮ್ಯಾಲ ಕರ್ಪೂರ. ನಿಮ್ಮ ದೇವರಿಗೆ ಥಿನ್ನರ್ ವಾಸನಿ ಹಿಡಸಂಗಿಲ್ಲ.”

“ನಿಮಗ ಹ್ಯಾಂಗ ಹಿಡಸ್ತೈತ್ರಿ ಚಾಚಾ?” ಎಂದು ನಾನು ಇತ್ತಲಿಂದ ಕೆಣಕುತ್ತಿದ್ದೆ.

“ನನ್ನ ಮೂಗು ಸತ್ತು ಭಾಳ ದಿನ ಆತಪಾ.”

ಅಂದು ಗಾಳಿ ಜೋರಾಗಿತ್ತು. ಸವಡಿಯ ರೈತರೊಬ್ಬರು ತಮ್ಮ ಟ್ರೇಲರ್ ಒಯ್ಯಲು ತಾಯಿಯೊಂದಿಗೆ ಬಂದಿದ್ದರು.

“ಹಸಿ ಬಣ್ಣಕ್ಕ ಧೂಳಾ ಕುಂತ್ರ ಏನ್ ಚಂದ, ಚಾಚಾ? ಬಾಗಲಾ ಮುಂದಕ್ಕ ಮಾಡ್ರಿ, ಒಳಗ ಮುಗಸೋಣು.”

ಚಾಚಾ ರಸ್ತೆಯ ಧೂಳು ನೋಡಿದರು, ಹೊಳೆಯುವ ಕೆಂಪು ಬಣ್ಣ ನೋಡಿದರು. ಮಾಡಿದ ಕೆಲಸ ಕೆಡುವುದು ಅವರಿಗೂ ಬೇಡವಾಗಿತ್ತು. “ಲಗೂ ಮುಗಸ್ರಿ, ಅವ್ವಾ” ಅಂದರು. ಒಂದು ಕದ ಮುಚ್ಚಿದರು. ಇನ್ನೊಂದು ಅರ್ಧ ತೆರೆದೇ ಇತ್ತು. ನನಗೆ ಒಳಗೆ ಕಾಣುತ್ತಿತ್ತು.

ಆ ತಾಯಿ ಆರತಿ ತಟ್ಟೆಯನ್ನು ಗಾಲಿಯ ಮುಂದೆ ನೆಲಕ್ಕಿಟ್ಟು ಕರ್ಪೂರ ಹಚ್ಚಿದರು. ಥಿನ್ನರಿನ ಆವಿ ನೆಲ ಹಿಡಿದೇ ಹರಿಯುತ್ತದೆ. ನೀಲಿ ಬೆಂಕಿಯೂ ಹಾಗೆಯೇ ನೆಲ ಹಿಡಿದು ಓಡಿದ್ದನ್ನು ಕಂಡೆ. ಗನ್ ತೊಳೆದ ಥಿನ್ನರಿನ ತೆರೆದ ಡಬ್ಬಿ ಅವರ ಪಕ್ಕದಲ್ಲೇ ಇತ್ತು. ಚಾಚಾ ಉರಿಯುವ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಓಡಿಬಂದು ಚರಂಡಿಗೆ ಎಸೆದರು. ಕೈಗಳೂ ಉರಿಯುತ್ತಿದ್ದವು... ನಾನು ಗೋಣಿಚೀಲ ಸುತ್ತಿ ಆರಿಸಿದೆ. ತಾಯಿ, ಮಗ ಇಬ್ಬರೂ ಉಳಿದರು.

ದವಾಖಾನೆಯ ದಾರಿಯಲ್ಲಿ ಚಾಚಾ ಕೇಳಿದ್ದು ಒಂದೇ: “ಎತ್ತಿಗೆ ಏನೂ ಆಗಿಲ್ಲ, ಹೌದಿಲ್ಲೋ?”

ಹಲಗೆ ನನ್ನ ಗೋಡೆಗೆ ಒರಗಿದಂತೆಯೇ ಇತ್ತು.

ಆ ಬೆರಳುಗಳು ಮತ್ತೆ ಕುಂಚ ಹಿಡಿಯಲಿಲ್ಲ. ಚಾಚಾ ನರಗುಂದದಲ್ಲಿ ಮಗಳ ಮನೆ ಸೇರಿದರು, ಅಲ್ಲಿಯೇ ತೀರಿಕೊಂಡರು. ಶೆಡ್ಡಿನಲ್ಲಿ ಈಗ ಗೊಬ್ಬರದ ಅಂಗಡಿ. ಮಧ್ಯಾಹ್ನ ಚಹಾ ಹೇಳುವಾಗ ಇಂದಿಗೂ ನನ್ನ ಬಾಯಿಗೆ ‘ಎರಡು’ ಎಂದೇ ಬರುತ್ತದೆ...

ಬೆಂಕಿಗೆ ಬಣ್ಣ ಕೆಟ್ಟ ಸವಡಿಯ ಆ ಟ್ರೇಲರ್‌ಗೆ ಬೇರೆಯವರು ಮತ್ತೆ ಬಣ್ಣ ಹೊಡೆದರು. ಹಲಗೆ ಮಾತ್ರ ಅದೇ. ಸಂತೆಯ ದಿನ ನನ್ನ ಮುಂದೆಯೇ ಹಾದುಹೋಗುತ್ತದೆ, ಕಣ್ಣಿಲ್ಲದ ಎತ್ತು ಹೊತ್ತುಕೊಂಡು. ಬೇರೆ ಕೈಯಿಂದ ಬರೆಸಲು ಆ ತಾಯಿ ಬಿಡಲಿಲ್ಲವಂತೆ. ಅಂದು ಕಂಡವರಲ್ಲಿ ಇನ್ನೂ ಇರುವವರು ಅವರು, ಅವರ ಮಗ, ನಾನು.