ಫೋನಿನಲ್ಲಿ ಒಂದೇ ಗಂಟೆ

ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆಗೆ ಬಂದಿಳಿದ ಮೊದಲ ವಾರ ನನಗೆ ಉಸಿರು ಕಟ್ಟಿದಂತಾಗಿತ್ತು. ಎತ್ತ ನೋಡಿದರೂ ಮರ, ಮರದ ಹಿಂದೆ ಗುಡ್ಡ. ನಮ್ಮ ಕಲಬುರಗಿ ಸೀಮೆಯ ಬಯಲಿನಲ್ಲಿ ನೆಂಟರು ಹರದಾರಿ ದೂರದಿಂದಲೇ ಕಾಣುತ್ತಾರೆ. ಅವರು ಅಂಗಳ ತುಳಿಯುವಷ್ಟರಲ್ಲಿ ಚಹಾ ಕುದಿಸಿಡಬಹುದು. ಇಲ್ಲಿ ಮನುಷ್ಯರು ತಿರುವಿನಲ್ಲಿ ಧುತ್ತೆಂದು ಎದುರಾಗುತ್ತಾರೆ.

ಸರ್ಕಾರಿ ಶಾಲೆಯ ಟೀಚರಾಗಿ ಬಂದವಳು ನಾನು. ಮನೆ ಬಾಡಿಗೆಗೆ ಕೊಟ್ಟ ಶಾರದಮ್ಮ ಕಡುಬು ಮಾಡಿದ್ದೇನೆ ಎಂದಾಗ ನಮ್ಮೂರ ಕಡುಬಿನ ಬೆಲ್ಲದ ಹೂರಣ ನೆನೆದು ಬಾಯಲ್ಲಿ ನೀರೂರಿತ್ತು. ತಟ್ಟೆಗೆ ಬಂದದ್ದು ಅಕ್ಕಿತರಿಯ ಬಿಳಿ ಉಂಡೆ, ಸಿಹಿಯೂ ಇಲ್ಲ, ಖಾರವೂ ಇಲ್ಲ. ಈಗ ಚಟ್ನಿಯ ಜೊತೆ ನಾಲ್ಕು ಹೊಡೆಯುತ್ತೇನೆ. ಇಲ್ಲಿ ನಾನು ಗೆದ್ದದ್ದು ಅಷ್ಟೇ.

ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣವಿದೆ, ಕಲಬುರಗಿಯಲ್ಲೂ ಇದೆ. ನಡುವಿನ ದೂರ ಕೇಳಿದರೆ ಫೋನು ನಾನೂರು ಕಿಲೋಮೀಟರ್ ಚಿಲ್ಲರೆ, ಹಾರಾಟ ಒಂದು ಗಂಟೆ ಎನ್ನುತ್ತದೆ. ಅದು ನಕ್ಷೆಯ ಮೇಲೆ ಗೆರೆ ಎಳೆದ ಲೆಕ್ಕ. ಆ ಗೆರೆಯ ಮೇಲೆ ಹಾರುವ ವಿಮಾನ ಒಂದೂ ಇಲ್ಲ.

ನನ್ನ ಮಂದಿಗೆ ಇದು ತಿಳಿಯಲಿಲ್ಲ. ನನ್ನನ್ನು ಎತ್ತಿ ಆಡಿಸಿ, ಹಟ ಹಿಡಿದು ಓದಿಸಿದ ಮುತ್ಯಾ, ನನ್ನ ಅಜ್ಜ, ಒಂದು ಬೆಳಿಗ್ಗೆ ತೀರಿಕೊಂಡ. ಅಣ್ಣ ಫೋನು ಮಾಡಿದ.

"ಮಣ್ಣು ಸಂಜೀಗಿ ಇಟ್ಟೀವಿ. ಇಮಾನದಾಗ ಬಂದ್ಬಿಡು."

"ಅಣ್ಣಾ, ಆ ಇಮಾನ ಇಲ್ಲೋ. ಬಸ್ಸಿಗಿ ಬಂದ್ರ ನಾಳಿ ಮುಂಜಾನಿ ಆಗ್ತದ. ಅಲ್ಲೀತನಕ ಇಡ್ರಿ."

"ಫೋನಿನಾಗ ತಾಸಿನ ಹಾದಿ ಅಂತ ತೋರಸ್ಲತ್ತದ. ನೀ ಇಲ್ಲಂತಿ!"

ಮುತ್ಯಾನಿಗೆ ವಿಭೂತಿ ಹಚ್ಚಿ ಕೂರಿಸಿಕೊಂಡು ಹೊತ್ತು ಮುಳುಗುವ ತನಕ ಕಾದರಂತೆ. ಮೇಲೆ ಸದ್ದಾದಾಗಲೆಲ್ಲ ಮಂದಿ ತಲೆಯೆತ್ತಿ "ಬಂದ್ಳು, ಬಂದ್ಳು" ಎಂದರಂತೆ. ಆಗ ನಾನು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸಿಗೆ ಕಾಯುತ್ತ, ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದೆ.

ಮರುದಿನ ಊರು ಮುಟ್ಟಿದಾಗ ಗೋರಿಯ ಮೇಲಿನ ಹೂ ಬಾಡಿತ್ತು. ಸತ್ತವರಿಗೆ ಹತ್ತಿರದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವುದು ನಮ್ಮ ಪದ್ಧತಿ. ಹಾಕದೆ ಉಳಿದವಳು ನಾನೊಬ್ಬಳೇ.

"ಎರಡೂ ಕಡಿ ಇಮಾನ ಇಳೀತಾವ," ಅಣ್ಣ ಎಲ್ಲರ ಎದುರಿಗೇ ಅಂದ. "ನಿನಗ ಬರೋ ಮನಸಿದ್ದಿಲ್ಲ. ಅದನ್ನ ಹೇಳು."

ಸಿಟ್ಟಿಗೆ ನನ್ನ ಅಳುವೂ ಬತ್ತಿಹೋಗಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಿರುಗಿ ಬಂದಾಗ ಶಾರದಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕೈ ಹಿಡಿದು ಒಳಗೆ ಕರೆದು ಬಿಸಿ ಗಂಜಿ ಬಡಿಸಿದರು. ತವರಿನಲ್ಲಿ ಒಂದು ಲೋಟ ನೀರನ್ನೂ ಯಾರೂ ಕೊಟ್ಟಿರಲಿಲ್ಲ. ಗಂಜಿ ಗಂಟಲಲ್ಲಿ ಇಳಿಯುತ್ತಿರುವಾಗ ಅವರೂ ಮೆಲ್ಲಗೆ ಕೇಳಿದರು:

"ಅಲ್ಲ ಟೀಚರೇ, ಎಂತಕ್ಕೆ ಬಸ್ಸಲ್ಲಿ ಹೋದ್ರಿ? ಶಿವಮೊಗ್ಗದಲ್ಲೇ ಪ್ಲೇನ್ ಇದ್ಯಲ್ಲ ಈಗ?"

ನಾನು ಇಲ್ಲಿ ಸತ್ತರೆ ನನ್ನ ಮಣ್ಣಿಗೆ ಊರಿನ ನನ್ನ ಮಂದಿ ಬಂದು ಮುಟ್ಟಲಾರರು. ಅಲ್ಲಿ ಸತ್ತರೆ ಗಂಜಿ ಬಡಿಸಿದ ಈ ಕೈ ಬಂದು ಮುಟ್ಟಲಾರದು. ಎರಡು ಕಡೆಯವರೂ ಫೋನು ನೋಡುತ್ತ, ಒಂದೇ ಗಂಟೆಯ ಹಾದಿ ಎನ್ನುತ್ತಿರುತ್ತಾರೆ.